ಅತ್ತೆಯ ದನಿ ಇದ್ದ ಡಿಸ್ಕು

ಧೈರ್ಯಸ್ಥರ ಮನೆಯಲ್ಲಿ ಯಂತ್ರಗಳು ತಮ್ಮ ಪಾಡಿಗೆ ಕೆಲಸ ಮಾಡುತ್ತವೆ. ನನ್ನಂಥ ಪುಕ್ಕಲರ ಮನೆಯಲ್ಲಿ ಅವು ಮೊದಲು ನಮ್ಮ ಮುಖ ನೋಡುತ್ತವೆ, ಆಮೇಲೆ ಕೆಡುತ್ತವೆ. ಮಿಕ್ಸಿಯ ಸದ್ದು ಕೊಂಚ ಬದಲಾದರೂ ಸ್ವಿಚ್ ಆರಿಸಿ ಬಾಲ್ಕನಿಗೆ ಹೋಗಿ ನಿಲ್ಲುವವಳು ನಾನು. ಅಂಥವಳು ಮದುವೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತೇನೆ ಅಂದರೆ, ಇಂಥ ಪ್ರಸಂಗಗಳು ನನ್ನನ್ನೇ ಹುಡುಕಿಕೊಂಡು ಬರುವುದರಲ್ಲಿ ಆಶ್ಚರ್ಯವೇನಿಲ್ಲ.

೧. ಸೋದರಮಾವನ ಭಾಷಣ

ನನ್ನ ಕೀಬೋರ್ಡ್ ಮಕ್ಕಳು ಕಲಿಯುವ ಥರದ್ದಲ್ಲ. ಅದನ್ನು ಎತ್ತಲು ಇಬ್ಬರು ಬೇಕು, ಅದರ ಹೊಟ್ಟೆಯಲ್ಲಿ ಕಂಪ್ಯೂಟರಿನ ಹಾಗೆ ಒಂದು ಹಾರ್ಡ್ ಡಿಸ್ಕ್ ಇದೆ. ಕೊಳಲು, ವೀಣೆ, ನಾದಸ್ವರ, ನಾನು ವರ್ಷಗಟ್ಟಲೆ ಕೂಡಿಸಿಕೊಂಡ ಸದ್ದುಗಳೆಲ್ಲ ಅದರಲ್ಲಿ. ಎಲ್ಲಕ್ಕಿಂತ ಹೆಚ್ಚಿನದು ನಮ್ಮ ಅತ್ತೆಯ ಸೋಬಾನೆ ಹಾಡು.

ಪುಟ್ಟೇನಹಳ್ಳಿ ನಿಜವಾಗಿಯೂ ಹಳ್ಳಿಯಾಗಿದ್ದ ಕಾಲದಿಂದ ಅಲ್ಲಿ ಯಾವ ಹೆಣ್ಣು ಹಸೆಗೆ ಬಂದರೂ ಅತ್ತೆಯೇ ಹಾಡಬೇಕಿತ್ತು. ಅವರಿಗೆ ಗಂಟಲಿನ ಆಪರೇಷನ್ ಆಗುವ ಮೊದಲು, ಅಡುಗೆಮನೆಯಲ್ಲಿ ನಿಂತು ಹಾಡಿದ್ದನ್ನು ನನ್ನ ಹಳೇ ಫೋನಿನಲ್ಲಿ ಹಿಡಿದು, ಹಿಂದುಮುಂದು ಕತ್ತರಿಸಿ, ಕೀಬೋರ್ಡಿನ ಕೊನೆಯ ಮನೆಗೆ, ಅಂದರೆ ಬಲತುದಿಯ ಕೀಗೆ, ಕೂರಿಸಿದ್ದೆ. ಆ ಮನೆ ಒಮ್ಮೆ ಒತ್ತಿದರೆ ಸಾಕು, ಹಾಡು ಮುಗಿಯುವ ತನಕ ನಿಲ್ಲುವುದಿಲ್ಲ. ಆಪರೇಷನ್ ಆದಮೇಲೆ ಅತ್ತೆಗೆ ಉಳಿದದ್ದು ಪಿಸುಮಾತು ಮಾತ್ರ. ಅವರ ನಿಜವಾದ ದನಿ ಇರುವುದು ಕೀಬೋರ್ಡಿನೊಳಗೆ.

ಆ ಡಿಸ್ಕಿಗೆ ವಯಸ್ಸಾಯಿತು. ಒಳಗಿನಿಂದ ಟಕ್ ಟಕ್ ಅನ್ನತೊಡಗಿತು. ಬನಶಂಕರಿಯ ಒಂದು ಛತ್ರದಲ್ಲಿ ಆರತಕ್ಷತೆ ಶುರುವಾಗುವ ಹೊತ್ತಿಗೆ ಪರದೆಯ ಮೇಲೆ ‘ದಯವಿಟ್ಟು ಕಾಯಿರಿ’ ಎಂಬ ಅರ್ಥದ ಇಂಗ್ಲಿಷು ಬಂದು ಕೂತಿತು, ಏಳಲೇ ಇಲ್ಲ. ನಮ್ಮ ತಂಡದ ಯಜಮಾನರು, ಅವರೇ ಮುಖ್ಯ ಗಾಯಕರು, ಮೈಕ್ ಹಿಡಿದು ಸುಸ್ವಾಗತ ಶುರುಮಾಡಿದರು. ಬಂದವರನ್ನೆಲ್ಲ ಸ್ವಾಗತಿಸಿ ಮುಗಿಯಿತು. ಪರದೆ ಹಾಗೇ ಇತ್ತು. ಮುಂದಿನ ಸಾಲಿನಲ್ಲಿದ್ದ ಹುಡುಗನ ಸೋದರಮಾವನನ್ನು ಮತ್ತೆ ಸ್ವಾಗತಿಸಿದರು. ಪರದೆ ಹಾಗೇ ಇತ್ತು. ಇನ್ನೊಮ್ಮೆ ಅವರನ್ನೇ ಸ್ವಾಗತಿಸಿದಾಗ ಆ ಪುಣ್ಯಾತ್ಮರಿಗೆ ತಡೆಯಲಾಗಲಿಲ್ಲ. ವೇದಿಕೆ ಹತ್ತಿ ಮೈಕ್ ಇಸಿದುಕೊಂಡು ತಮ್ಮ ಲೇಔಟಿನ ಚರಂಡಿ ಸಮಸ್ಯೆ ಕುರಿತು ಮಾತಾಡಿದರು. ಆ ರಾತ್ರಿ ಹೆಚ್ಚು ಚಪ್ಪಾಳೆ ಬಿದ್ದದ್ದು ಅವರಿಗೇ.

೨. ಒಂದೇ ಒಂದು ಫೈಲು

ಡಿಸ್ಕ್ ಬದಲಾಯಿಸದೆ ವಿಧಿಯಿರಲಿಲ್ಲ. ಜಯನಗರದ ಅಂಗಡಿಯಿಂದ ಹೊಸ ಎಸ್‌ಎಸ್‌ಡಿ ತಂದೆ. ಅದರಲ್ಲಿ ತಿರುಗುವ ಭಾಗವೇ ಇಲ್ಲ, ಟಕ್ ಟಕ್ ಅನ್ನುವುದೂ ಇಲ್ಲ. ಆದರೆ ಮೊದಲು ಹಳೆಯದರಲ್ಲಿದ್ದುದನ್ನು ಪೆನ್‌ಡ್ರೈವಿಗೆ ಇಳಿಸಿಕೊಳ್ಳಬೇಕು. ಕರೆಂಟು ಹೋದರೆ ಎಂಬ ಹೆದರಿಕೆಗೆ ಮನೆಯ ಯುಪಿಎಸ್ಸನ್ನು ಅದಕ್ಕೇ ಮೀಸಲಿಟ್ಟು, ಬೆಳಗಿನಿಂದ ಫ್ಯಾನ್ ಕೂಡ ಹಾಕದೆ ಕೂತೆ.

ಅತ್ತೆ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡಿದ್ದರು. ಕೊಳಲು ಬಂತು, ವೀಣೆ ಬಂತು, ನಾದಸ್ವರ ಬಂತು. ಕೊನೆಯಲ್ಲಿ ಒಂದೇ ಒಂದು ಫೈಲು ಓದಲಾಗುತ್ತಿಲ್ಲ ಎಂದು ಬರೆದು ಬಂತು. ಯಾವುದೆಂದು ಹೇಳಬೇಕಾಗಿಲ್ಲ. ಮತ್ತೆ ಮತ್ತೆ ಪ್ರಯತ್ನಿಸಿದೆ. ಆಪರೇಷನ್ನಿನಲ್ಲಿ ಒಮ್ಮೆ ಹೋದ ದನಿಯನ್ನು ನಾನು ಎರಡನೇ ಸಲ ಕಳೆದಂತಾಯಿತು.

ಅತ್ತೆ ನನ್ನ ಮುಖವನ್ನೇ ನೋಡಿ ಪಿಸುಗುಟ್ಟಿದರು, “ಏನಂತೆ ಅದು?”

“ಕೊಳಲು ವೀಣೆ ಎಲ್ಲ ಬಂದವು ಅತ್ತೆ. ನೀವೊಬ್ರೇ ಬರ್ತಿಲ್ಲ.”

“ಬಲವಂತ ಮಾಡ್ಬೇಡ ಬಿಡು. ಮದುವೆ ಆದ ಹೊಸದ್ರಲ್ಲಿ ಈ ಮನೆಗೆ ಬರೋಕೂ ನಾನು ಹೀಗೇ ಸತಾಯಿಸಿದ್ದೆ.”

೩. ತುಳಸಿಕಟ್ಟೆಯ ಸ್ಕ್ರೂ

ಹಳೇ ಫೋನು ಬೀರುವಿನ ತಳದಲ್ಲಿ ಸಿಕ್ಕಿತು. ಚಾರ್ಜಿಗೆ ಹಾಕಿದರೆ ಏಳುವ ಹೊತ್ತಿಗೆ ನನ್ನ ಅರ್ಧ ಆಯುಸ್ಸು ಹೋಯಿತು. ರೆಕಾರ್ಡಿಂಗ್ ಇತ್ತು. ಹಾಕಿದೆ. ಮೊದಲ ಸಾಲು ಕೇಳಿದೊಡನೆ ಇಬ್ಬರಿಗೂ ಕಣ್ಣು ತುಂಬಿ ಬಂತು. ಇನ್ನು ಹೆಚ್ಚು ಹಾಕಿದರೆ ಸವೆದೀತು ಎಂಬಂತೆ ತಕ್ಷಣ ನಿಲ್ಲಿಸಿ, ಹಾಗೇ ಪೆನ್‌ಡ್ರೈವಿಗೆ ಸೇರಿಸಿದೆ.

ಆಮೇಲೆ ಕೀಬೋರ್ಡನ್ನು ಹಾಸಿಗೆಯ ಮೇಲೆ ಬೋರಲು ಮಲಗಿಸಿ ಸ್ಕ್ರೂ ಬಿಚ್ಚಿದೆ. ಫೋನಿನಲ್ಲಿ ನಾನು ನೋಡುತ್ತಿದ್ದ ರಿಪೇರಿ ವಿಡಿಯೋದ ಮಹಾನುಭಾವ ತನ್ನ ಕೀಬೋರ್ಡಿನ ಮುಚ್ಚಳ ತೆಗೆದಾಗ ಒಳಗೆ ಕನ್ನಡಿಯಂತೆ ಶುಭ್ರವಾಗಿತ್ತು. ನನ್ನದನ್ನು ತೆಗೆದರೆ ಉದುರಿದ್ದು ಅಕ್ಕಿ, ಅದೂ ಅರಿಶಿನದ ಅಕ್ಕಿ. ಎಷ್ಟು ಮುಹೂರ್ತಗಳಲ್ಲಿ ವಧೂವರರಿಗೆ ಎಂದು ಎಸೆದ ಅಕ್ಷತೆ ಗುರಿತಪ್ಪಿ ನನ್ನ ಕೀಬೋರ್ಡಿನ ಸಂದಿಗೆ ಇಳಿದಿತ್ತೋ, ಒಂದು ಹೊತ್ತಿನ ಚಿತ್ರಾನ್ನಕ್ಕೆ ಸಾಲುವಷ್ಟಿತ್ತು. ಇದು ಇಷ್ಟು ವರ್ಷ ಹೊತ್ತಿ ಉರಿಯದೆ ಇದ್ದದ್ದು ಹೇಗೆಂದು ನಾನು ನಡುಗಿದರೆ, ಅತ್ತೆ ಕೈಮುಗಿದು, ಅಷ್ಟು ಜನರ ಆಶೀರ್ವಾದ ಇದ್ದದ್ದಕ್ಕೇ ಎಂದರು. ಕಾಲಿಗೆ ಸಿಗಬಾರದೆಂದು ಅಕ್ಷತೆಯನ್ನೆಲ್ಲ ಬಳಿದು ಒಯ್ದು ತುಳಸಿಗೆ ಹಾಕಿದರು.

ಹಳೇ ಡಿಸ್ಕಿನ ಜಾಗದಲ್ಲಿ ಹೊಸದನ್ನು ಕೂರಿಸಿ ಮುಚ್ಚಳ ಹಾಕುವಾಗ ಸ್ಕ್ರೂಗಳು ಕಡಿಮೆ ಬಿದ್ದವು. ಅವು ಒಳಗೇ ಎಲ್ಲೋ ಸೇರಿಕೊಂಡಿವೆ, ಸ್ವಿಚ್ ಹಾಕಿದರೆ ಢಮಾರ್ ಎಂದುಕೊಂಡು ಮತ್ತೆ ಎಲ್ಲ ಬಿಚ್ಚಿ ಹುಡುಕಿದೆ. ಸಿಕ್ಕಿದ್ದು ತುಳಸಿಯ ಬುಡದಲ್ಲಿ, ಆಗಲೇ ನೀರು ಹಾಕಿಸಿಕೊಂಡು, ಮೇಲೊಂದು ಹೂವು ಏರಿಸಿಕೊಂಡು ಕೂತಿದ್ದವು.

೪. ಕುಂಕುಮ

ಇಷ್ಟೆಲ್ಲ ಆಗಿ ಸ್ವಿಚ್ ಹಾಕಿದರೆ, ಡಿಸ್ಕೇ ಇಲ್ಲ ಎಂದಿತು ಕೀಬೋರ್ಡು. ನಾವು ನುಡಿಸಬೇಕಿದ್ದ ಮುಂದಿನ ಮದುವೆ ನಾಡಿದ್ದು. ಯಜಮಾನರು ಫೋನ್ ಮಾಡಿ, ಹುಡುಗಿಯ ತಾಯಿ ಆ ಸೋಬಾನೆ ಕೇಳಿಯೇ ನಮ್ಮ ತಂಡವನ್ನು ಗೊತ್ತು ಮಾಡಿದ್ದಾರೆಂದು ಇನ್ನೊಮ್ಮೆ ನೆನಪಿಸಿದರು. ನಾನು ಹೂಂ ಅಂದೆ. ಧ್ವನಿ ಅತ್ತೆಯದಕ್ಕಿಂತ ಸಣ್ಣಗೆ ಬಂತು.

ಮತ್ತೆ ಬಿಚ್ಚಿದೆ. ಎಸ್‌ಎಸ್‌ಡಿಯನ್ನು ಹೊರಗೆಳೆದು ನೋಡಿದರೆ, ತುದಿಯಲ್ಲಿ ಸಾಲಾಗಿದ್ದ ಚಿನ್ನದ ಬಣ್ಣದ ಪಟ್ಟಿಗಳ ಮೇಲೆ ಒಣಗಿದ ಕುಂಕುಮ. ಹೊಸ ಸಾಮಾನು ಮನೆಗೆ ಬಂದರೆ ದೇವರ ಮುಂದಿಟ್ಟು ಅರಿಶಿನ ಕುಂಕುಮ ಹಚ್ಚದೆ ನಮ್ಮಲ್ಲಿ ಬಳಸುವುದಿಲ್ಲ. ನಾನು ಪೆನ್‌ಡ್ರೈವ್ ಕಾಯುತ್ತಿದ್ದಾಗ ಅತ್ತೆ ನಡುವೆ ಎದ್ದು ಹೋಗಿ ಆ ಕೆಲಸ ಮುಗಿಸಿದ್ದರು. ಅಷ್ಟು ಜಾಗ ಇರುವಾಗ ಸರಿಯಾಗಿ ಅಲ್ಲೇ ಯಾಕೆ ಹಚ್ಚಿದಿರಿ ಎಂದು ಕೇಳಿದೆ.

“ಚಿನ್ನ ಇರೋ ಕಡೆ ತಾನೇ ಮುಖ?” ಎಂದು ಪಿಸುಗುಟ್ಟಿದರು.

ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಉಜ್ಜಿ, ಉಸಿರು ಹಿಡಿದು ಕೂರಿಸಿದೆ. ಈ ಸಲ ಡಿಸ್ಕ್ ಇದೆ ಎಂದಿತು. ಪೆನ್‌ಡ್ರೈವಿನಿಂದ ಎಲ್ಲವೂ ಇಳಿಯಿತು. ಕೊನೆಯ ಮನೆ ಒತ್ತಿದೆ, ಅತ್ತೆಯ ದನಿ ಎದ್ದಿತು. ಎರಡು ಸಾಲು ಕೇಳಿ, ಇನ್ನೇನಾದರೂ ಆದೀತೆಂಬ ಭಯಕ್ಕೆ ಸ್ವಿಚ್ ಆರಿಸಿಬಿಟ್ಟೆ. ಅತ್ತೆಗೆ ಮಾತ್ರ ಯಾವ ಅನುಮಾನವೂ ಇರಲಿಲ್ಲ. ಪೂಜೆ ಮಾಡಿದ್ದು ಒಳ್ಳೇದಾಯಿತು ನೋಡು ಎಂದರು.

೫. ಹಾಲು

ಮದುವೆಯ ದಿನ ಕೀಬೋರ್ಡ್ ಕಣ್ಣು ಮಿಟುಕಿಸುವಷ್ಟರಲ್ಲಿ ಎದ್ದು ಕೂತಿತು. ಯಜಮಾನರು ಯಾರನ್ನೂ ಎರಡು ಸಲ ಸ್ವಾಗತಿಸಬೇಕಾಗಲಿಲ್ಲ. ಅತ್ತೆಯನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದೆ. ಹುಡುಗಿಯ ಸೋದರಮಾವ ಅವಳ ಕೈ ಹಿಡಿದು ಹಸೆಯ ಕಡೆ ಹೆಜ್ಜೆ ಇಟ್ಟ. ನಾನು ದೇವರನ್ನು ನೆನೆದು ಕೊನೆಯ ಮನೆ ಒತ್ತಿದೆ.

ಸೋಬಾನೆ ಛತ್ರದ ತುಂಬ ಹರಿಯಿತು. ಮಾತಾಡುತ್ತಿದ್ದವರು ಮಾತು ನಿಲ್ಲಿಸಿದರು. ಹುಡುಗಿಯ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಹಾಡಿನ ಕೊನೆಯ ಸಾಲು ಮುಗಿಯಿತು. ಅಬ್ಬಾ ಎಂದು ನಾನು ಆಗಷ್ಟೇ ಉಸಿರು ಬಿಟ್ಟೆ. ಫೋನಿನ ರೆಕಾರ್ಡಿಂಗಿನ ಹಿಂದುಮುಂದು ಈ ಸಲ ಕತ್ತರಿಸಿಲ್ಲ ಎಂಬುದು ನನಗೆ ಹೊಳೆದದ್ದು ಆಗಲೇ. ಅಷ್ಟರಲ್ಲಿ ಎಲ್ಲ ಸ್ಪೀಕರುಗಳಿಂದ ಅತ್ತೆಯ ಗಟ್ಟಿ ದನಿ ಮೊಳಗಿತು:

“ಏ, ಹಾಲು ಉಕ್ತಾ ಇದೆ ಕಣೇ. ನಿಂತ್ಕೊಂಡು ನೋಡ್ತಿದ್ದೀಯಲ್ಲ, ಮೊದ್ಲು ಒಲೆ ಆರ್ಸು.”

ಛತ್ರದಲ್ಲಿದ್ದ ಹೆಂಗಸರೆಲ್ಲ ಒಟ್ಟಿಗೆ ಎದ್ದು ನಿಂತರು. ಹುಡುಗಿಯ ತಾಯಿ ಕಳಶವನ್ನು ಪಕ್ಕದವರ ಕೈಗೆ ಕೊಟ್ಟು ಅಡುಗೆಮನೆ ಕಡೆ ಓಡಿದರು. ಹಸೆಮಣೆ ಏರಬೇಕಿದ್ದ ಹುಡುಗಿ ಕೂಡ ಒಂದು ಹೆಜ್ಜೆ ಆ ಕಡೆ ಇಟ್ಟಳಂತೆ, ಸೋದರಮಾವ ಎಳೆದು ನಿಲ್ಲಿಸಿದ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಯಜಮಾನರ ಮುಖ ನೋಡುವ ಧೈರ್ಯವೂ ಆಗಲಿಲ್ಲ.

ಸ್ವಲ್ಪ ಹೊತ್ತಿಗೆ ಅಡುಗೆ ಭಟ್ಟರು ಸೌಟು ಹಿಡಿದೇ ವೇದಿಕೆಯ ಬಳಿ ಬಂದರು. ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ. ಅವರು ಕೇಳಿದ್ದು ಬೇರೆ. ಪಾಯಸದ ಹಾಲು ಕೊಪ್ಪರಿಗೆಯ ಅಂಚಿಗೆ ಬಂದಿತ್ತಂತೆ, ಒಲೆ ಆರಿಸಿದ್ದರಿಂದ ಉಳಿಯಿತಂತೆ, ಅಷ್ಟು ದೂರದಿಂದ ನೋಡಿ ಹೇಳಿದ ತಾಯಿ ಯಾರು ಎಂದು ತಿಳಿಯಬೇಕಿತ್ತಂತೆ.

ನಾನು ಅತ್ತೆಯತ್ತ ಕೈ ತೋರಿಸಿದೆ. ಭಟ್ಟರು ಅವರಿಗೆ ಕೈಮುಗಿದರು. ಅತ್ತೆ ಮುಖದಲ್ಲಿ ಮದುವಣಗಿತ್ತಿಯ ಕಳೆ. ಹತ್ತಿರ ಹೋಗಿ, ಈವತ್ತೇ ಕೂತು ಆ ಕೊನೆಯ ಮಾತನ್ನು ಕತ್ತರಿಸಿ ತೆಗೆಯುತ್ತೇನೆ, ತಪ್ಪಾಯಿತು ಅತ್ತೆ ಎಂದೆ. ಅವರು ನನ್ನ ಮಣಿಕಟ್ಟು ಹಿಡಿದು ಕಿವಿಗೆ ಬಾಯಿ ತಂದರು.

“ಹಾಡು ಬೇಕಾದ್ರೆ ಕತ್ತರಿಸು. ಅದೊಂದ್ ಮಾತು ಬಿಡು. ಮನೇಲಿ ಯಾರಿಗೂ ಕೇಳ್ಸಲ್ಲ ನಾನು ಹೇಳೋದು, ಇಲ್ಲಿ ನೋಡು, ಇಡೀ ಛತ್ರಾನೇ ಎದ್ದು ನಿಲ್ತು.”