ಹಲ್ಲು ಎಸೆದವರು ಯಾರು?

ಕಳೆದ ವರ್ಷ ಹೇಗಿತ್ತು ಎಂದು ಯಾರಾದರೂ ಕೇಳಿದರೆ ನನಗೆ ಗಾಬರಿಯಾಗುತ್ತದೆ. ವರ್ಷ ಇತ್ತು ಎನ್ನುವುದರಲ್ಲಿ ಅನುಮಾನವಿಲ್ಲ. ಹಳೆಯ ಕ್ಯಾಲೆಂಡರನ್ನು ಮೊಳೆಯಿಂದ ಕಳಚಿ ಹೊಸದನ್ನು ಸಿಕ್ಕಿಸಿದವನು ನಾನೇ. ಆದರೆ ಆ ವರ್ಷದೊಳಗೆ ನಾನಿದ್ದೆನೇ ಎಂಬುದು ಬೇರೆ ಪ್ರಶ್ನೆ. ಅರಕಲಗೂಡಿನ ಒಂದು ಕಾಲೇಜಿನಲ್ಲಿ ಇತಿಹಾಸ ಹೇಳುವುದು ನನ್ನ ಕಸುಬು. ‘ಕಣ್ಣಾರೆ ಕಂಡೆ ಎನ್ನುವವನನ್ನೇ ಮೊದಲು ಅನುಮಾನಿಸಿ’ ಎಂದು ಪ್ರತಿ ವರ್ಷ ಮೊದಲ ಪಾಠದಲ್ಲೇ ಮಕ್ಕಳಿಗೆ ಹೇಳುತ್ತೇನೆ. ಸಂಜೆ ಮನೆಗೆ ಬಂದು ಕನ್ನಡಕ ಎಲ್ಲಿಟ್ಟೆ ಎಂಬುದಕ್ಕೆ ಮಾತ್ರ ನನ್ನ ನೆನಪನ್ನೇ ನಂಬಿ ಮನೆಯೆಲ್ಲ ತಡಕುತ್ತೇನೆ. ದಿನಚರಿ ಬರೆಯುವ ಅಭ್ಯಾಸವೂ ಇದೆ. ಆದರೆ ಹೋದ ವರ್ಷದ ದಿನಚರಿಯಲ್ಲಿ ‘ಬಸ್ಸು ತಡ’ ಮತ್ತು ‘ಬಸ್ಸು ಬೇಗ ಬಂತು, ನಾನು ತಡ’ ಎಂಬ ಎರಡು ಸಂಗತಿಗಳ ಹೊರತು ಬೇರೇನೂ ನಡೆದಂತೆ ಕಾಣುವುದಿಲ್ಲ.

ನಮ್ಮ ಸಂಸಾರದ ಭೂಗೋಳ ಸ್ವಲ್ಪ ವಿಚಿತ್ರ. ನನಗೆ ಅರಕಲಗೂಡು. ಹೆಂಡತಿ ಸವಿತಾಳಿಗೆ ಚನ್ನರಾಯಪಟ್ಟಣದ ಬ್ಯಾಂಕು. ಇಬ್ಬರಿಗೂ ಸಮನಾಗಿ ಅನ್ಯಾಯವಾಗಲಿ ಎಂದು ಹಾಸನದಲ್ಲಿ ಬಾಡಿಗೆ ಮನೆ ಮಾಡಿದೆವು. ಒಂದನೇ ತರಗತಿಯ ಮಗಳು ಇಂಚರ ಮಾತ್ರ ಹೊಳೆನರಸೀಪುರದಲ್ಲಿ, ನನ್ನ ಅತ್ತೆಯ ಮನೆಯಲ್ಲಿದ್ದು ಶಾಲೆಗೆ ಹೋಗುತ್ತಾಳೆ. ಶನಿವಾರ ನಮ್ಮಲ್ಲಿಗೆ ಬರುತ್ತಾಳೆ. ನಿಮ್ಮ ಮನೆ ಎಲ್ಲಿ ಪುಟ್ಟ ಎಂದು ನೆಂಟರೊಬ್ಬರು ಕೇಳಿದ್ದಕ್ಕೆ, ‘ಬಸ್‌ಸ್ಟ್ಯಾಂಡ್ ಹತ್ರ’ ಎಂದಳಂತೆ. ಯಾವ ಊರಿನ ಬಸ್‌ಸ್ಟ್ಯಾಂಡ್ ಎಂದು ಅವರೂ ಕೇಳಲಿಲ್ಲ, ಇವಳೂ ಹೇಳಲಿಲ್ಲ.

ಹೀಗಾಗಿ ಅವಳ ವರ್ಷವನ್ನು ನಾನು ನೋಡಿದ್ದು ಬಹುಪಾಲು ಫೋನಿನಲ್ಲಿ. ಅವಳು ಸೈಕಲ್ ಕಲಿತ ವಿಡಿಯೋ ಬಂದಾಗ ನಾನು ಬಸ್ಸಿನಲ್ಲಿ ಒಂದು ಕೈಯಲ್ಲಿ ಜೋತಾಡುತ್ತಿದ್ದೆ. ಪಕ್ಕದ ಸೀಟಿನ ಯಜಮಾನರು ಕತ್ತು ಚಾಚಿ ನನಗಿಂತ ಚೆನ್ನಾಗಿ ನೋಡಿದರು. ‘ಬ್ಯಾಲೆನ್ಸು ಚೆನ್ನಾಗೈತೆ ಸಾ’ ಎಂದರು. ಆ ಮಾತು ನನ್ನ ಬಾಯಿಂದ ಬರಬೇಕಿತ್ತು. ಈಗ ಆ ಘಟನೆ ನೆನೆದರೆ ಮಗಳ ಮುಖಕ್ಕಿಂತ ಮೊದಲು ಆ ಯಜಮಾನರ ಮಫ್ಲರ್ ಕಣ್ಣಮುಂದೆ ಬರುತ್ತದೆ.

ಆದರೆ ಒಂದಿತ್ತು: ಹಲ್ಲು. ಅವಳ ಮೊದಲ ಹಾಲುಹಲ್ಲು ಬಿದ್ದಾಗ ಅದನ್ನು ಎಸೆದವನು ನಾನು. ಇಡೀ ವರ್ಷದಲ್ಲಿ ನಾನು ಅಪ್ಪನಾಗಿ ಹಾಜರಿದ್ದೆ ಎನ್ನುವುದಕ್ಕೆ ನನ್ನ ಬಳಿಯಿದ್ದ ಒಂದೇ ಸಾಕ್ಷಿ ಅದು. ನಮ್ಮ ಕಡೆ ಬಿದ್ದ ಹಲ್ಲನ್ನು ಸಗಣಿಯುಂಡೆಯೊಳಗಿಟ್ಟು ಮಾಡಿನ ಮೇಲೆ ಎಸೆಯುತ್ತಾರೆ. ಹಾಗೆ ಮಾಡಿದರೆ ಹೊಸ ಹಲ್ಲು ಚೆನ್ನಾಗಿ ಬರುತ್ತದೆಂದು ನಂಬಿಕೆ. ಅಂದು ಶನಿವಾರ ಸಂಜೆ, ಹಾಸನದ ಮನೆ. ಸವಿತಾ ಇನ್ನೂ ಬಂದಿರಲಿಲ್ಲ. ಇಂಚರ ಬ್ಯಾಗಿನಿಂದ ಬಿಸ್ಕತ್ತಿನ ಕವರೊಂದನ್ನು ತೆಗೆದು, ಅದರೊಳಗಿನ ಉಂಡೆಯನ್ನು ನನ್ನ ಅಂಗೈಯಲ್ಲಿಟ್ಟು, ‘ನಿನಗೇ ಅಂತ ಇಟ್ಕೊಂಡಿದ್ದೆ ಅಪ್ಪ’ ಎಂದು ನಕ್ಕಳು. ಮುಂದಿನ ಒಂದು ಹಲ್ಲು ಇರಲಿಲ್ಲ. ನಮ್ಮದು ತಾರಸಿ ಮನೆ. ಎಸೆದರೆ ನಮ್ಮ ಓನರ್ ಒಣಹಾಕಿದ ಹಪ್ಪಳದ ಮೇಲೆ ಬೀಳುವ ಭಯ. ಆದ್ದರಿಂದ ಪಕ್ಕದ ಶೆಡ್ಡಿನ ಶೀಟಿನ ಮೇಲೆ ಎಸೆದೆ. ಟಪ್ಪೆಂದಿತು. ಆ ಸದ್ದು ಇವತ್ತಿಗೂ ಕಿವಿಯಲ್ಲಿದೆ.

ಎಸೆದ ಮೇಲೆ ಇಂಚರ ಒಂದು ನಿಯಮ ಹೇಳಿದಳು. ಹೊಸ ಹಲ್ಲು ಬರುವತನಕ ಯಾರಿಗೂ ಹೇಳಬಾರದಂತೆ, ಹೇಳಿದರೆ ಹಲ್ಲು ಸೊಟ್ಟ ಬರುತ್ತದಂತೆ. ಅತ್ತೆಯ ಊರಿನ ಪದ್ಧತಿ ಇರಬಹುದು ಎಂದುಕೊಂಡು ನಾನು, ಎಂ.ಎ. ಓದಿದವನು, ತಿಂಗಳುಗಟ್ಟಲೆ ಬಾಯಿ ಬಿಡಲಿಲ್ಲ. ಮಗಳ ಹಲ್ಲಿನ ವಿಷಯದಲ್ಲಿ ವೈಚಾರಿಕತೆಯ ಪ್ರಯೋಗ ಬೇಡವೆನಿಸಿತು.

ಹೊಸ ವರ್ಷದ ಮೊದಲ ಭಾನುವಾರ ನಾವೆಲ್ಲ ಹೊಳೆನರಸೀಪುರದಲ್ಲಿದ್ದೆವು. ಅತ್ತೆ ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವವರು. ಅವರೆಕಾಳಿನ ಸಾರು ಮಾಡಿದ್ದರು. ಇಂಚರಳ ಹೊಸ ಹಲ್ಲು ನೆಟ್ಟಗೆ ಬಂದಿತ್ತು. ಇನ್ನು ಅಡ್ಡಿಯಿಲ್ಲವೆಂದು ನಾನು ಮುದ್ದೆ ಮುರಿಯುತ್ತ, ಆವತ್ತು ಹೇಗೆ ಎಸೆದೆ, ಶೀಟು ಹೇಗೆ ಸದ್ದು ಮಾಡಿತು ಎಂದು ಸಾವಕಾಶವಾಗಿ ಹೇಳಿದೆ. ಸವಿತಾ ತುತ್ತನ್ನು ಅಲ್ಲೇ ಬಿಟ್ಟಳು.

‘ಏನ್ರೀ ನೀವು? ಹಲ್ಲು ಎಸೆದಿದ್ದು ನಾನು. ಇದೇ ಮನೆ ಹೆಂಚಿನ ಮೇಲೆ.’

ನೀನು ಮರೆತಿದ್ದೀಯ ಎಂದೆ. ಬಸ್ಸಿನಲ್ಲಿ ನಿದ್ದೆ ಮಾಡುವ ನಿಮಗೆ ಕನಸು ಬಿದ್ದಿರಬೇಕು ಎಂದಳು. ಆ ವಾರದ ಬುಧವಾರ ಬ್ಯಾಂಕಿನಿಂದ ನೇರ ಇಲ್ಲಿಗೆ ಬಂದಿದ್ದಳಂತೆ, ಮಗಳು ಉಂಡೆ ಕೈಗೆ ಕೊಟ್ಟಳಂತೆ, ಹೇಳಿದರೆ ಸೊಟ್ಟ ಬರುತ್ತದೆಂದು ಅವಳೂ ಸುಮ್ಮನಿದ್ದಳಂತೆ. ಅವಳ ದನಿಯಲ್ಲಿದ್ದ ನಡುಕ ಕೇಳಿ ನನಗೆ ಭಯವಾಯಿತು. ಅವಳ ಬಳಿಯೂ ಇದ್ದ ಸಾಕ್ಷಿ ಇದೊಂದೇ ಎಂದು ಆಗ ಹೊಳೆಯಿತು. ಒಂದು ಹಲ್ಲು, ಇಬ್ಬರು ಪ್ರತ್ಯಕ್ಷದರ್ಶಿಗಳು. ಅವಳು ಹೇಳುತ್ತಿದ್ದಂತೆ ನನ್ನ ಶೀಟಿನ ಸದ್ದು ಮೆಲ್ಲಗೆ ಹೆಂಚಿನ ಸದ್ದಾಗತೊಡಗಿತು. ಇನ್ನು ಸ್ವಲ್ಪ ಹೊತ್ತು ವಾದ ಮಾಡಿದ್ದರೆ ನಾನು ಹುಟ್ಟಿದ್ದನ್ನೂ ಬಿಟ್ಟುಕೊಡುತ್ತಿದ್ದೆ.

ಅತ್ತೆ ಸಾರಿನ ಸೌಟು ಹಿಡಿದೇ ನಗುತ್ತಿದ್ದರು. ‘ಅಳಿಯಂದ್ರೇ, ಹಲ್ಲ ಎಸ್ದಿದ್ದು ನಾನು ಕಣ್ರಪ್ಪ. ಮಂಗ್ಳಾರ ಬೆಳಿಗ್ಗೆ ರೊಟ್ಟಿ ಕಚ್ತಿದ್ದಂಗೇ ಬಿತ್ತು, ಆವಾಗ್ಲೇ ಎಸ್ದೆ. ಆಮೇಲೆ ಈ ಮಗ ಕೊಟ್ಟಿಗೇಲಿ ಕುಂತ್ಕಂಡು ಇನ್ನೆರಡು ಉಂಡೆ ಕಟ್ತಾ ಇತ್ತು. ಯಾಕವ್ವ ಅಂದ್ರೆ, ಒಂದು ಅಮ್ಮಂಗೆ, ಒಂದು ಅಪ್ಪಂಗೆ ಅಂತು. ನಾನ್ಯಾಕೆ ಬ್ಯಾಡ ಅನ್ಲಿ?’

‘ಹಾಗಾದರೆ ನನ್ನ ಉಂಡೆಯೊಳಗೆ ಏನಿತ್ತು?’ ಎಂದು ಮಗಳನ್ನು ಕೇಳಿದೆ.

‘ಹುರಿಗಡಲೆ’ ಎಂದಳು ಇಂಚರ, ಸಾರಿನಲ್ಲಿ ಕಾಳು ಹುಡುಕುತ್ತ. ‘ಅಮ್ಮನ ಉಂಡೇಲೂ ಅದೇ. ನೀವು ಇಲ್ದಾಗ ಬಿತ್ತು ಅಂದ್ರೆ ಬೇಜಾರು ಮಾಡ್ಕೋತೀರಲ್ಲ.’

ನಾವು ಗಂಡಹೆಂಡತಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹಾಸನದ ನಮ್ಮ ಬೀದಿಯಲ್ಲಿ ಒಂದು ಹಸುವೂ ಇಲ್ಲ, ಸಗಣಿ ಎಲ್ಲಿಂದ ಬಂತು, ಉಂಡೆಯೊಳಗೆ ಹಲ್ಲಿದೆ ಎಂದು ಹೇಳಿದವರು ಯಾರು ಎಂದು ಆ ಶನಿವಾರವೇ ನಾನು ಕೇಳಬೇಕಿತ್ತು. ನನ್ನ ವಿದ್ಯಾರ್ಥಿಗಳಲ್ಲಿ ಕೊನೆಯ ಬೆಂಚಿನವನೂ ಕೇಳುತ್ತಿದ್ದ. ಈ ಊಟದ ದಿನದಿಂದ ಗೊಂದಲ ಇನ್ನೂ ಹೆಚ್ಚಾಗಿದೆ. ನನ್ನೆದುರಿಗೆ ಅವಳು ಮೊದಲ ಸಲ ಅಂಗಡಿಯ ಬೋರ್ಡು ಓದಿದಳಲ್ಲ, ಅದು ಎಷ್ಟನೆಯ ಮೊದಲ ಸಲ? ಮೊದಲ ಸಲ ಈರುಳ್ಳಿ ದೋಸೆ ತಿಂದು ಕಣ್ಣರಳಿಸಿದಳಲ್ಲ, ಹಿಂದೆ ಯಾವುದೋ ಬುಧವಾರ ಅವಳಮ್ಮನೆದುರಿಗೂ ಹಾಗೇ ಅರಳಿಸಿದ್ದಳೇ? ಸವಿತಾಳನ್ನು ಕೇಳಲು ಧೈರ್ಯವಿಲ್ಲ. ಅವಳಿಗೂ ನನ್ನನ್ನು ಕೇಳಲು ಇಲ್ಲ. ಇಬ್ಬರೂ ನಮ್ಮ ನಮ್ಮ ವರ್ಷವನ್ನು ಮುಟ್ಟದೆ ಹಾಗೇ ಇಟ್ಟುಕೊಂಡಿದ್ದೇವೆ.

ಮೊನ್ನೆ ಎರಡನೆಯ ಹಲ್ಲು ಅಲ್ಲಾಡುತ್ತಿದೆ ಎಂದು ಗೊತ್ತಾದ ಕೂಡಲೇ ನಾನು ರಜೆ ಹಾಕಿ ಹೊಳೆನರಸೀಪುರಕ್ಕೆ ಹೋದೆ. ಸವಿತಾಳೂ ರಜೆ ಹಾಕಿದ್ದಳು. ಹಲ್ಲನ್ನು ಇಬ್ಬರೂ ಸರದಿಯಲ್ಲಿ ಕಾದೆವು. ಬೆಳಿಗ್ಗೆ ನಾನು ಹಲ್ಲುಜ್ಜಲು ಹಿತ್ತಲಿಗೆ ಹೋಗಿದ್ದಾಗ ಇಂಚರ ಹಿಂದಿನಿಂದ ಬಂದು ಒಂದು ಉಂಡೆಯನ್ನು ಕೈಗೆ ಕೊಟ್ಟಳು. ‘ಈಗ ತಾನೇ ಬಿತ್ತು. ನಿಜವಾದ್ದು ಅಪ್ಪ. ಯಾರಿಗೂ ಹೇಳ್ಬೇಡ.’

ಒಡೆದು ನೋಡೋಣವೆನಿಸಿತು. ಆಧಾರವನ್ನು ಪರೀಕ್ಷಿಸದೆ ಒಪ್ಪಬೇಡಿ ಎಂದು ಎಷ್ಟು ಜನಕ್ಕೆ ಪಾಠ ಹೇಳಿಲ್ಲ? ಉಂಡೆಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತ ಕೊಟ್ಟಿಗೆಯ ಮೂಲೆಗೆ ತಿರುಗಿದರೆ, ಅಲ್ಲಿ ಸವಿತಾ ಒಂದು ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಹೆಂಚಿನ ಕಡೆ ನೋಡುತ್ತಿದ್ದಳು. ನಾನೂ ನನ್ನ ಕೈಯನ್ನು ಬೆನ್ನ ಹಿಂದೆ ಒಯ್ದೆ. ಕಾಫಿ ಆಯಿತೇ ಎಂದೆ. ಆಗುತ್ತಿದೆ ಎಂದಳು. ಆಮೇಲೆ ಅವಳು ಮನೆಯ ಮುಂಬದಿಗೆ ಹೋದಳು, ನಾನು ಹಿಂಬದಿಯಲ್ಲೇ ಉಳಿದೆ. ಎರಡೂ ಕಡೆ ಹೆಂಚು ಒಟ್ಟಿಗೆ ಸದ್ದು ಮಾಡಿತು.

ಹೀಗಾಗಿ ಈ ವರ್ಷ ಹೇಗಿತ್ತು ಎಂದು ಯಾರು ಕೇಳಿದರೂ ಈಗಲೇ ಹೇಳಿಬಿಡುತ್ತೇನೆ: ನಾನಿದ್ದೆ, ನನ್ನ ಕೈಯಾರೆ ಎಸೆದೆ. ಏನನ್ನು ಎಂದು ಮಾತ್ರ ಯಾರೂ ಕೇಳಬಾರದು. ಹೇಳಿದರೆ ಹಲ್ಲು ಸೊಟ್ಟ ಬರುತ್ತದೆ.