ಶಿವಲಕ್ಷ್ಮಮ್ಮನವರ ಹೆಸರಿನ ಉಸಿರಿನ ಪೆಟ್ಟಿಗೆಯವರ ಸನ್ನಿಧಾನಕ್ಕೆ

ಕಲ್ಯಾಣದುರ್ಗ
೨೦೨೫ ಏಪ್ರಿಲ್ ೨೩, ಬುಧವಾರ

ಸಂದರ್ಭ: ಈ ತಿಂಗಳ ಒಂಬತ್ತರಂದು ಕಂಬದೂರು ರಸ್ತೆಯಲ್ಲಿ ಬೈಕಿನಿಂದ ಬಿದ್ದೆ. ಎಡಪಕ್ಕೆಯ ಎಲುಬು ಮುರಿದು ಶ್ವಾಸಕೋಶಕ್ಕೆ ಚುಚ್ಚಿತು. ಈಗ ಮನೆಯಲ್ಲಿದ್ದೇನೆ, ದಿಂಬಿಗೆ ಒರಗಿ ಕುಳಿತು ಬರೆಯುತ್ತಿದ್ದೇನೆ.

ಮುಚ್ಚಳದ ಮೇಲೆ ‘ಲಿಂಗೈಕ್ಯ ಶಿವಲಕ್ಷ್ಮಮ್ಮನವರ ಸ್ಮರಣಾರ್ಥ’ ಎಂದು ಕೆತ್ತಿಸಿಕೊಂಡಿರುವ ಸ್ಟೀಲ್ ಪೆಟ್ಟಿಗೆಯವರಿಗೆ,

ಮಾನ್ಯರೇ,

ತಮ್ಮ ಮುಚ್ಚಳ, ಕೀಲು, ಎರಡೂ ಬದಿಯ ಹಿಡಿಕೆಗಳು ಕುಶಲವಾಗಿವೆಯೆಂದು ನಂಬಿ, ಮೊದಲಿಗೆ ತಮಗೆ ನನ್ನ ನಮಸ್ಕಾರಗಳನ್ನು ಸಲ್ಲಿಸುತ್ತೇನೆ. ತಮ್ಮಂಥ ಗಣ್ಯರಿಗೆ ನನ್ನಂಥ ಕನ್ನಡಕದ ಅಂಗಡಿಯವನು ನೇರವಾಗಿ ಬರೆಯುವುದು ಸಲ್ಲದು ಎಂಬ ಅರಿವು ನನಗಿದೆ. ಆದರೆ ತಮ್ಮ ಭೇಟಿಗಾಗಿ ನಾನು ಒಮ್ಮೆ ಅಂಗಿ ಬಿಚ್ಚಿ ಮಲಗಿ ಕಾದಿದ್ದೆನಾದ್ದರಿಂದ, ಅಷ್ಟರಮಟ್ಟಿನ ಸಲಿಗೆಯನ್ನು ತಾವು ಮನ್ನಿಸುವಿರೆಂದು ಭಾವಿಸಿದ್ದೇನೆ.

ತಮ್ಮ ಪರಿಚಯ ಇಲ್ಲದ ಓದುಗರಿಗಾಗಿ ಎರಡು ಮಾತು. ನಮ್ಮೂರಿನ ನರ್ಸಿಂಗ್ ಹೋಮಿನ ಮಾಲೀಕರು ಅಮರೇಶಪ್ಪನವರು. ಅವರ ತಂಗಿ ನಿರ್ಮಲಮ್ಮನವರನ್ನು ಹಿಂದೂಪುರಕ್ಕೆ ಕೊಟ್ಟಿದೆ. ಅಲ್ಲಿ ಅವರ ಯಜಮಾನರದೂ ಒಂದು ನರ್ಸಿಂಗ್ ಹೋಮಿದೆ. ಇವರ ತಾಯಿ ಶಿವಲಕ್ಷ್ಮಮ್ಮನವರು ಕೊನೆಗಾಲದಲ್ಲಿ ಉಸಿರಿಗೆ ಬಹಳ ಕಷ್ಟಪಟ್ಟರು. ಅಂಥ ಕಷ್ಟ ಬೇರೆ ಯಾರಿಗೂ ಬರಬಾರದೆಂದು ಅಣ್ಣ ತಂಗಿ ಸೇರಿ ತಾಯಿಯ ಹೆಸರಿನಲ್ಲಿ ತಮ್ಮನ್ನು ತರಿಸಿದರು. ಗಂಟಲು ಕಟ್ಟಿದಾಗ ನಾಲಗೆಯನ್ನು ಎತ್ತಿ ಉಸಿರಿನ ದಾರಿ ತೋರಿಸುವ ಸಣ್ಣ ದೀಪದ ಸಲಕರಣೆ, ಆ ದಾರಿಯಲ್ಲಿ ಇಳಿಸುವ ಕೊಳವೆಗಳು, ಪಕ್ಕೆಲುಬುಗಳ ನಡುವೆ ಸೀಳುವ ಚಾಕು, ಸೀಳನ್ನು ಅಗಲಿಸುವ ಬಾಗಿದ ಇಕ್ಕಳ, ಎದೆಯೊಳಗೆ ಸೇರಿಸುವ ದಪ್ಪ ನಳಿಕೆ, ಹೊರಬರುವ ಗಾಳಿಯನ್ನು ನೀರಿನಲ್ಲಿ ಮುಳುಗಿಸಿ ಹಿಂದಿರುಗದಂತೆ ತಡೆಯುವ ಬಾಟಲಿ, ಇಷ್ಟನ್ನು ತಮ್ಮ ಹೊಟ್ಟೆಯಲ್ಲಿಟ್ಟುಕೊಂಡು ತಾವು ಬಂದಿರಿ. ಬಂದ ದಿನವೇ ಪಾತ್ರೆ ಅಂಗಡಿಗೆ ಹೋಗಿ, ಮದುವೆಯ ಬಿಂದಿಗೆಗೆ ಹೆಸರು ಹಾಕಿಸುವಂತೆ ಮೈಮೇಲೆ ಹೆಸರು ಹಾಕಿಸಿಕೊಂಡಿರಿ.

ತೊಡಕು ಶುರುವಾದದ್ದು ಅಲ್ಲಿಂದ. ಶಿವಲಕ್ಷ್ಮಮ್ಮನವರು ಯುಗಾದಿಯಿಂದ ದಸರೆಯವರೆಗೆ ಮಗನ ಮನೆಯಲ್ಲಿ, ದಸರೆಯಿಂದ ಯುಗಾದಿಯವರೆಗೆ ಮಗಳ ಮನೆಯಲ್ಲಿ ಇರುತ್ತಿದ್ದವರು. ಅವರ ಹೆಸರು ಹೊತ್ತ ತಾವೂ ಹಾಗೆಯೇ ಇರತಕ್ಕದ್ದು ಎಂದು ಅಣ್ಣ ತಂಗಿ ತೀರ್ಮಾನಿಸಿದರು. ಹಾಗಾಗಿ ಬೇಸಿಗೆ ಮಳೆಗಾಲಗಳಲ್ಲಿ ಕಲ್ಯಾಣದುರ್ಗದವರು, ಚಳಿಗಾಲದಲ್ಲಿ ಹಿಂದೂಪುರದವರು ಉಸಿರಾಟದ ತೊಂದರೆ ಮಾಡಿಕೊಳ್ಳಬಹುದೆಂಬ ವ್ಯವಸ್ಥೆ ಏರ್ಪಟ್ಟಿತು. ಈ ವ್ಯವಸ್ಥೆಯನ್ನು ಎರಡೂ ಊರಿನ ಜನ ಮೂರು ವರ್ಷ ತಿಳಿಯದೆಯೇ ಪಾಲಿಸಿದ್ದಾರೆ. ಇಲ್ಲಿ ಯಾರಿಗೂ ಕಾಲ ತಪ್ಪಿ ಎದೆ ಒಡೆಯಲಿಲ್ಲ. ನಾನು ಕೂಡ ನಿಯಮ ಮೀರಿಲ್ಲವೆಂಬುದನ್ನು ತಾವು ದಯವಿಟ್ಟು ಗಮನಿಸಬೇಕು. ನಾನು ಬಿದ್ದದ್ದು ಯುಗಾದಿ ಕಳೆದ ಮೇಲೆ, ತಾವು ಕಲ್ಯಾಣದುರ್ಗಕ್ಕೆ ಆಗಮಿಸಿ ವಾರ ದಾಟಿದ ಮೇಲೆ, ಪೂರ್ತಿ ನಮ್ಮೂರಿನ ಸರದಿಯಲ್ಲಿ.

ಬಿದ್ದ ಬಗೆ ಸಾಮಾನ್ಯವಾದದ್ದು. ಓಬಳಪ್ಪ ಎಂಬುವವರ ಕುರಿಮಂದೆ ರಸ್ತೆಗೆ ಇಳಿಯಿತು, ನಾನು ಪಕ್ಕಕ್ಕೆ ಎಳೆದೆ, ಕಲ್ಲಿಗೆ ತಗಲಿ ಬೈಕು ಉರುಳಿ ಅದರ ಹ್ಯಾಂಡಲ್ ನನ್ನ ಪಕ್ಕೆಗೆ ತಿವಿಯಿತು. ಓಬಳಪ್ಪ ಕುರಿಗಳನ್ನು ಮಗಳಿಗೆ ಒಪ್ಪಿಸಿ ನನ್ನನ್ನು ಆಟೋದಲ್ಲಿ ಹಾಕಿಕೊಂಡು ಬಂದರು. ದಾರಿಯುದ್ದಕ್ಕೂ ನನಗೆ ಬುದ್ಧಿ ಹೇಳಿದರು: “ಕುರಿ ಅಡ್ಡ ಬಂದ್ರೆ ಕುರಿಗೇ ಗುದ್ಬೇಕು ಕಣಪ್ಪ, ಮೆತ್ತಗಿರ್ತದೆ. ಕಲ್ಲಿಗ್ಯಾಕೆ ಗುದ್ದಕ್ಕೋದೆ? ಬ್ಯಾಡ, ಜವಾಬು ಹೇಳ್ಬ್ಯಾಡ, ಇರೋ ಉಸಿರು ಖರ್ಚಾಯ್ತದೆ.” ನನ್ನಲ್ಲಿ ಆಗ ಖರ್ಚಿಗೆ ಹೆಚ್ಚೇನೂ ಇರಲಿಲ್ಲ. ಒಳಗೆ ಎಳೆದ ಗಾಳಿ ಶ್ವಾಸಕೋಶದ ತೂತಿನಿಂದ ಸೋರಿ ಎದೆಗೂಡಿನಲ್ಲಿ ಸೇರುತ್ತಿತ್ತು, ಹೊರಗೆ ಹೋಗಲು ಅದಕ್ಕೆ ದಾರಿಯಿರಲಿಲ್ಲ. ಬಾಡಿಗೆಗೆ ಬಂದವನು ಮನೆಯ ಯಜಮಾನನನ್ನು ಗೋಡೆಗೆ ಒತ್ತಿದ ಹಾಗೆ, ಆ ಗಾಳಿ ನನ್ನ ಶ್ವಾಸಕೋಶವನ್ನು ಮೂಲೆಗೆ ಒತ್ತುತ್ತಿತ್ತು. ಇದನ್ನು ಆಮೇಲೆ ಡಾಕ್ಟರು ತಿಳಿಸಿದರು. ಆಗ ನನಗೆ ತಿಳಿದದ್ದು ಇಷ್ಟೇ: ಎಷ್ಟು ಎಳೆದರೂ ಸಾಲುತ್ತಿಲ್ಲ.

ಡ್ಯೂಟಿಯಲ್ಲಿದ್ದ ಡಾಕ್ಟರ್ ಮೌನಿಕಾ ನನ್ನ ಎದೆಯನ್ನು ಬೆರಳಿನಿಂದ ತಟ್ಟಿ ನೋಡಿ, “ಬಾಕ್ಸ್ ತನ್ನಿ” ಎಂದರು. ತಮ್ಮನ್ನು ತಂದರು. ತಾವು ಶಿವಲಕ್ಷ್ಮಮ್ಮನವರ ಫೋಟೋದ ಕೆಳಗೆ ಹಣೆಗೆ ವಿಭೂತಿ ಹಚ್ಚಿಕೊಂಡು, ಸೇವಂತಿಗೆ ಮುಡಿದು, ಬಾಯಿಗೆ ಟೇಪು ಸುತ್ತಿಸಿಕೊಂಡು ಕುಳಿತಿದ್ದವರು. ಹಬೆಯಲ್ಲಿ ಶುದ್ಧಮಾಡಿ ಮುಚ್ಚಿದ ಪೆಟ್ಟಿಗೆ, ಬಳಸುವ ಗಳಿಗೆಯವರೆಗೆ ತೆರೆಯಬಾರದೆಂದು ತಮ್ಮನ್ನು ಮೊದಲು ತರಿಸಿದಾಗಲೇ ಮಾರಿದವರು ಹೇಳಿಕಳಿಸಿದ್ದರಂತೆ. ತಮ್ಮ ಶುಚಿತ್ವಕ್ಕೆ ಭಂಗ ಬರಬಾರದೆಂದು, ತಾವು ಹಿಂದೂಪುರದಿಂದ ಬಂದ ಮೇಲೆ ಇಲ್ಲಿ ಯಾರೂ ತೆರೆದಿರಲಿಲ್ಲ. ತಮ್ಮನ್ನು ಎತ್ತಿದವರೆಲ್ಲ ತೂಕ ಸರಿಯಾಗಿಯೇ ಇತ್ತೆಂದು ಈಗಲೂ ಸಾಕ್ಷಿ ಹೇಳುತ್ತಾರೆ.

ಡಾಕ್ಟರು ಕೈಗೆ ಗ್ಲೌಸು ಹಾಕಿ ಟೇಪು ಕಿತ್ತು ಮುಚ್ಚಳ ತೆಗೆದರು. ಒಳಗೆ ಹೊಸ ರವಿಕೆ ಬಟ್ಟೆ, ಅದರ ಮೇಲೆ ವೀಳ್ಯದೆಲೆ, ಎರಡು ಅಡಿಕೆ, ಅದರ ಕೆಳಗೆ ಅಂಚಿನವರೆಗೆ ಒತ್ತಾಗಿ ಜೋಡಿಸಿದ ಕರ್ಜಿಕಾಯಿಗಳು. ಒಂದೂ ಮುರಿದಿರಲಿಲ್ಲ. ಅಷ್ಟು ದೂರ ರಸ್ತೆಯಲ್ಲಿ ಕುಲುಕಿಕೊಂಡು ಬಂದೂ ಅವುಗಳ ಒಂದು ಅಂಚಿಗೂ ಧಕ್ಕೆಯಾಗದಂತೆ ಕಾಪಾಡಿದ ತಮ್ಮ ಗಟ್ಟಿತನವನ್ನು ಮುರಿದ ಪಕ್ಕೆಯವನಾದ ನಾನು ಹೊಗಳದಿದ್ದರೆ ಇನ್ನಾರು ಹೊಗಳಬೇಕು?

“ಅಯ್ಯೋ ದೇವುಡಾ, ಕಜ್ಜಿಕಾಯಲು!” ಎಂದರು ಡಾಕ್ಟರು.

ಓಬಳಪ್ಪ ಬಾಗಿಲಿನಿಂದ ಇಣುಕಿ, “ಇದ್ಯಾವ ಔಸ್ತಿ ತಾಯಿ?” ಎಂದು ಕೇಳಿದರು.

ಅಮರೇಶಪ್ಪನವರು ತಂಗಿಗೆ ಫೋನು ಹಚ್ಚಿದರು. ಅವಸರದಲ್ಲಿ ಬೆರಳು ತಗಲಿ ಅದು ಸ್ಪೀಕರಿಗೆ ಬಿತ್ತು. ನಾನು ಮಾತಾಡುವ ಸ್ಥಿತಿಯಲ್ಲಿರಲಿಲ್ಲ, ಕೇಳುವ ಸ್ಥಿತಿಯಲ್ಲಿದ್ದೆ. ಆದ್ದರಿಂದ ಈ ಭಾಗವನ್ನು ಇದ್ದಂತೆಯೇ ಬರೆಯಬಲ್ಲೆ.

“ನಿರ್ಮಲಾ, ಡಬ್ಬಿಯೊಳಗೆ ಏನಮ್ಮಾ ಇಟ್ಬುಟ್ಟಿದೀಯ?”

“ಕರ್ಜಿಕಾಯಿ ಕಣಣ್ಣ. ಈಗ ತೆಗುದ್ರಾ? ಅತ್ತಿಗೆ ಏನಂದ್ರು?”

“ಚಾಕು ಎಲ್ಲಿ?”

“ಯಾವ ಚಾಕು?”

“ಎದೆ ಕುಯ್ಯೋ ಚಾಕು! ಟ್ಯೂಬು, ಇಕ್ಕಳ, ಎಲ್ಲ ಎಲ್ಲಿ?”

“ಅದೆಲ್ಲ ಸಿಸ್ಟರು ತೊಳದು ಹಬೆಗೆ ಹಾಕಿದ್ಲು. ಡಬ್ಬಿ ಬರೀದಾಗಿತ್ತು. ಅಮ್ಮನ ಹೆಸರಿನ ಡಬ್ಬಿ ತವರಿಗೆ ಹೋಗ್ತಾ ಐತೆ, ಬರೀ ಡಬ್ಬಿ ಕಳುಸ್ತಾರಾ ಯಾರಾದ್ರೂ? ನಂಗೇನು ಮಾನ ಇಲ್ವಾ?”

“ಇಲ್ಲಿ ಮನುಷ್ಯ ಸಾಯ್ತಾವ್ನೆ ಕಣಮ್ಮ!”

“ಅಂಗಾದ್ರೆ ಮೊದ್ಲು ಅದನ್ನ ಹೇಳ್ಬಾರ್ದಾ? ಡಬ್ಬಿ ಅಂತ ಶುರು ಮಾಡ್ದೋನು ನೀನು!”

“ಸಾರ್, ಫೋನ್ ಪೆಟ್ಟೇಯಂಡಿ!” ಎಂದು ಫೋನು ಇಡುವಂತೆ ಮೌನಿಕಾ ಕೂಗಿದರು. “ಚಾಕು ಎಲ್ಲಾದ್ರೂ ಸಿಗುತ್ತೆ, ಟ್ಯೂಬು ಎಲ್ಲಿಂದ ತರ್ಲಿ? ಆಂಬುಲೆನ್ಸ್ ಕರೀರಿ!”

ಹೀಗೆ, ಖಾಲಿ ಪಾತ್ರೆಯನ್ನು ಹಿಂದಿರುಗಿಸಬಾರದೆಂದು ನಾವೆಲ್ಲ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡುವ ಆ ಒಳ್ಳೆಯ ರೂಢಿಯಿಂದಾಗಿ, ಕಲ್ಯಾಣದುರ್ಗದವರು ತಮ್ಮಲ್ಲಿ ಶಸ್ತ್ರಗಳಿವೆಯೆಂದು ನಂಬಿ ಇಲ್ಲದವರಾಗಿದ್ದರು. ಹಿಂದೂಪುರದವರು ಪೆಟ್ಟಿಗೆ ಹೋಯಿತಲ್ಲ ಎಂದುಕೊಂಡು, ಹೆರಿಗೆ ಸಾಮಾನಿನ ಗಂಟುಗಳ ನಡುವೆ ಹಸಿರು ಬಟ್ಟೆಯಲ್ಲಿ ಸುತ್ತಿಟ್ಟ ಅದೇ ಶಸ್ತ್ರಗಳ ಪಕ್ಕದಲ್ಲಿ ಓಡಾಡುತ್ತ, ಇಲ್ಲವೆಂದು ನಂಬಿ ಇದ್ದವರಾಗಿದ್ದರು. ಆ ಒಂದು ವಾರ ಎರಡು ಊರುಗಳಲ್ಲಿ ಯಾವುದರಲ್ಲಿ ಬಿದ್ದಿದ್ದರೂ ನನಗೆ ಇದೇ ಉಪಚಾರ ಸಿಗುತ್ತಿತ್ತು ಎಂಬ ಸಮಾನತೆ ನನಗೆ ಸಮಾಧಾನ ತರಬೇಕಾದದ್ದು. ತಂದಿಲ್ಲ.

ಡಾಕ್ಟರು ಗ್ಲೂಕೋಸು ಏರಿಸುವ ಸೂಜಿಗಳಲ್ಲಿ ಅತಿ ದಪ್ಪನೆಯದನ್ನು ಆರಿಸಿ ನನ್ನ ಎದೆಗೆ ಚುಚ್ಚಿದರು. ಗಾಳಿ ಸೀಟಿ ಹೊಡೆದಂತೆ ಹೊರಬಂತು. ಆ ಸದ್ದಿನ ಜೊತೆಗೆ ಕಿಟಕಿ, ಫ್ಯಾನು, ಓಬಳಪ್ಪನವರ ಮುಖ, ಒಂದೊಂದಾಗಿ ಕಣ್ಣಿಗೆ ಮರಳಿದವು. ಇದು ಸ್ವಲ್ಪ ಹೊತ್ತಿನ ಉಪಾಯ ಮಾತ್ರ ಎಂದು ಅವರು ನನ್ನ ಕಿವಿಯಲ್ಲಿ ಹೇಳಿ, ಆ ಸೂಜಿ ಅಲುಗದಂತೆ ಕೈಯಲ್ಲಿ ಹಿಡಿದು ಅನಂತಪುರದವರೆಗೆ ಆಂಬುಲೆನ್ಸಿನಲ್ಲಿ ನನ್ನ ಪಕ್ಕದಲ್ಲೇ ಮಂಡಿಯೂರಿ ಬಂದರು. ರಸ್ತೆಯ ಪ್ರತಿ ಹಳ್ಳಕ್ಕೂ ಅವರೇ ಡ್ರೈವರಿಗೆ ತೆಲುಗಿನಲ್ಲಿ ಬೈದರು. ಒಮ್ಮೆ ಸೂಜಿ ಕಟ್ಟಿಕೊಂಡು ನನಗೆ ಮತ್ತೆ ಕಣ್ಣು ಕತ್ತಲಾಯಿತು, ಇನ್ನೊಂದು ಚುಚ್ಚಿದರು. ಅಲ್ಲಿನ ಆಸ್ಪತ್ರೆಯಲ್ಲಿ ಒಂದು ಬಟ್ಟೆಯ ಗಂಟು ಬಿಚ್ಚಿದರು. ಅದರ ಮೇಲೆ ಯಾರ ಹೆಸರೂ ಇರಲಿಲ್ಲ. ಒಳಗಿದ್ದ ಚಾಕು, ಇಕ್ಕಳ, ನಳಿಕೆಗಳು ಯಾರ ನೆನಪಿಗೂ ಅಲ್ಲದೆ, ಬರಿದೇ ಎದೆ ಸೀಳುವುದಕ್ಕೆಂದು ಇದ್ದವು. ನಳಿಕೆ ಒಳಗೆ ಹೋಯಿತು, ಬಾಟಲಿಯ ನೀರಿನಲ್ಲಿ ಗುಳ್ಳೆಗಳೆದ್ದವು, ನಾನು ಬದುಕಿದೆ. ತಮ್ಮ ಅಂತಸ್ತಿಗೆ ಹೋಲಿಸಿದರೆ ಇದು ತೀರ ಸಾಧಾರಣ ಕೆಲಸವೆಂದು ಒಪ್ಪುತ್ತೇನೆ.

ಮನೆಗೆ ಬಂದ ಮೇಲೆ ಅಣ್ಣ ತಂಗಿ ಇಬ್ಬರೂ ನನ್ನನ್ನು ನೋಡಲು ಬಂದರು. ನಿರ್ಮಲಮ್ಮನವರು ನನ್ನ ಕೈ ಹಿಡಿದು ಅತ್ತರು, ನಿಜವಾಗಿಯೇ ಅತ್ತರು. ಆಮೇಲೆ ಕಣ್ಣೊರಸಿಕೊಂಡು ಅಣ್ಣನ ಕಡೆಗೆ ತಿರುಗಿ, ಪೆಟ್ಟಿಗೆ ವರ್ಷಪೂರ್ತಿ ಹಿಂದೂಪುರದಲ್ಲೇ ಇದ್ದಿದ್ದರೆ ಇದೆಲ್ಲ ಆಗುತ್ತಿರಲಿಲ್ಲ ಎಂದರು. ಅಮರೇಶಪ್ಪನವರೂ ಅದೇ ಮಾತನ್ನು ತಮ್ಮ ಕಡೆಯಿಂದ ಹೇಳಿದರು. ಹೊಸದೊಂದನ್ನು ತರಿಸಬಾರದೇ ಎಂದು ನಾನು ಮೆಲ್ಲಗೆ ಕೇಳಿದೆ. ತಾಯಿಗೆ ಜೋಡಿ ತರುವುದುಂಟೇ ಎಂಬಂತೆ ಇಬ್ಬರೂ ನನ್ನನ್ನು ನೋಡಿದರು. ವಾದ ಬೆಳೆದು ಕೊನೆಗೆ ಅಮರೇಶಪ್ಪನವರು, “ಅಂಗಾರೆ ಪಾತ್ರೆ ಭಾಗ ಮಾಡ್ದಂಗೆ ಭಾಗ ಮಾಡ್ಕೊಂಬುಡಾನ. ಗಂಟ್ಲುದೆಲ್ಲ ನಿಂಗೆ, ಎದೆದೆಲ್ಲ ನಂಗೆ” ಎಂದರು.

ನಿರ್ಮಲಮ್ಮನವರು ಯೋಚಿಸಿ, “ದೀಪ ಇರೋದು ಗಂಟ್ಲುದ್ರಲ್ಲಿ ತಾನೆ? ಸರಿ. ಅಮ್ಮನ ದೀಪ ಹೆಣ್ಮಗಳ ಮನೇಲಿರ್ಲಿ” ಎಂದು ಒಪ್ಪಿದರು. “ಮತ್ತೆ ಡಬ್ಬಿ?”

ಡಬ್ಬಿ, ಅಂದರೆ ತಾವು, ಬಗೆಹರಿಯಲಿಲ್ಲ. ಬರುವ ಸೋಮವಾರ ಅಮರೇಶಪ್ಪನವರ ಮನೆಯಲ್ಲಿ ಕುಳಿತು ತೀರ್ಮಾನಿಸುವುದೆಂದೂ, ನಡುವೆ ನಿಂತು ಹೇಳುವವನು ನಾನೇ ಆಗತಕ್ಕದ್ದೆಂದೂ ಇಬ್ಬರೂ ಒಪ್ಪಿ ಎದ್ದರು. “ನಿನ್ನ ಎದೆಗೇ ಬಂದಿದ್ದು, ನೀನೇ ಹೇಳ್ಬುಡಪ್ಪ ಜಯಚಂದ್ರ. ನೀನು ಹೇಳ್ದಂಗೆ” ಎಂದರು ಅಮರೇಶಪ್ಪನವರು.

ಅದಕ್ಕೂ ಮೊದಲು ತಮ್ಮಲ್ಲಿ ಕೆಲವು ಬಿನ್ನಹಗಳಿವೆ. ಭಾಗವಾದಲ್ಲಿ ಹಿಂದೂಪುರದವರು ಗಂಟಲಿನಿಂದ ಮೇಲಕ್ಕೆ, ಕಲ್ಯಾಣದುರ್ಗದವರು ಗಂಟಲಿನಿಂದ ಕೆಳಕ್ಕೆ ಮಾತ್ರ ಅಪಘಾತ ಮಾಡಿಕೊಳ್ಳುವಂತೆ ತಾವೇ ಒಂದು ಪ್ರಕಟಣೆ ಹೊರಡಿಸಬೇಕು. ಗಂಟಲು ಮತ್ತು ಎದೆ ಎರಡೂ ಕೆಟ್ಟವರಿಗೆ ಪೆನುಕೊಂಡದ ಕೋಟೆಯ ಕೆಳಗೆ, ದಾರಿಯ ಮಧ್ಯದಲ್ಲಿ, ಒಂದು ನೆರಳಿನ ಜಾಗ ಗೊತ್ತುಮಾಡಬೇಕು. ಎರಡೂ ಕಡೆಯಿಂದ ಸಾಮಾನು ಬಂದು ಸೇರುವವರೆಗೆ ಅವರು ಉಸಿರು ಬಿಗಿಹಿಡಿದು ಕಾಯುತ್ತಾರೆ. ಕುರಿಗಳಿಗೂ ಒಂದು ಸುತ್ತೋಲೆ ಹೋದರೆ ಉಪಕಾರ.

ಇಷ್ಟು ಬರೆದ ಮೇಲೆ ತಮಾಷೆ ಮುಂದುವರಿಸಲು ಪಕ್ಕೆ ನೋಯುತ್ತಿದೆ. ಸೋಮವಾರ ನಾನು ಹೇಳುವುದನ್ನು ನಿರ್ಧರಿಸಿದ್ದೇನೆ, ಇನ್ನೂ ಯಾರಿಗೂ ಹೇಳಿಲ್ಲ, ತಮಗೇ ಮೊದಲು ತಿಳಿಸುತ್ತಿದ್ದೇನೆ. ಚಾಕು, ಇಕ್ಕಳ, ನಳಿಕೆ, ದೀಪ ಯಾವುದೂ ಒಂದನ್ನೊಂದು ಅಗಲಬಾರದು. ಆ ದಿನ ಅವು ಯಾವ ಊರಿನಲ್ಲಿರುತ್ತವೋ ಅಲ್ಲೇ, ಬರಿ ಬಟ್ಟೆಯ ಗಂಟಿನಲ್ಲಿ, ಡಾಕ್ಟರ ಕೈಗೆ ಸಿಗುವ ಜಾಗದಲ್ಲಿ ಉಳಿಯತಕ್ಕದ್ದು. ಇನ್ನೊಂದು ಊರಿನವರು ಅದೇ ವಾರ ಹೊಸ ಗಂಟು ತರಿಸತಕ್ಕದ್ದು, ಅದರ ಮೇಲೆ ಯಾರ ಹೆಸರನ್ನೂ ಹಾಕಿಸತಕ್ಕದ್ದಲ್ಲ. ತಾವು ಮಾತ್ರ ಶಿವಲಕ್ಷ್ಮಮ್ಮನವರ ಹೆಸರನ್ನು ಹೊತ್ತು, ಯುಗಾದಿಗೆ ಮಗನ ಮನೆಗೆ, ದಸರೆಗೆ ಮಗಳ ಮನೆಗೆ, ಹೊಟ್ಟೆತುಂಬ ಸಿಹಿಯಿಟ್ಟುಕೊಂಡು ಓಡಾಡುತ್ತಿರಿ. ಅದನ್ನು ತಾವು ಚೆನ್ನಾಗಿ ಮಾಡುತ್ತೀರಿ. ಇದಕ್ಕೆ ಇಬ್ಬರಲ್ಲಿ ಒಬ್ಬರು ಒಪ್ಪದಿದ್ದರೂ ನಾನು ಮೇಲಿನ ಅಧಿಕಾರಿಗಳಿಗೆ ಎರಡನೆಯ ಪತ್ರ ಬರೆಯುತ್ತೇನೆ. ಅದು ಇಷ್ಟು ಮರ್ಯಾದೆಯದಾಗಿರುವುದಿಲ್ಲ.

ತಮ್ಮ ಕೈಗೆ ಸಿಗದೆಯೂ ಬದುಕುಳಿದ, ತಮ್ಮ ವಿಶ್ವಾಸಿ,
ಜಯಚಂದ್ರ

ವಿ.ಸೂ.: ಶಸ್ತ್ರಗಳನ್ನು ತುಂಬಿಸಿಕೊಂಡು ಬರಲೆಂದು ತಮ್ಮನ್ನು ಮೊನ್ನೆ ಹಿಂದೂಪುರಕ್ಕೆ ಕಳಿಸಿದರೆಂದು ಕೇಳಿದೆ, ತಾವು ತಲುಪಿದಿರೋ, ತುಂಬಿದಿರೋ, ಹೊರಟಿರೋ ಎಂಬುದನ್ನು ಎರಡೂ ಊರಿನಲ್ಲಿ ಯಾರೂ ಖಚಿತವಾಗಿ ಹೇಳುತ್ತಿಲ್ಲ. ಆದ್ದರಿಂದ ಈ ಪತ್ರದ ಒಂದು ಪ್ರತಿಯನ್ನು ಅಲ್ಲಿಗೂ ಒಂದನ್ನು ಇಲ್ಲಿಗೂ ಕಳಿಸುತ್ತಿದ್ದೇನೆ. ಒಂದು ಪ್ರತಿ ತಾವಿಲ್ಲದ ಜಾಗಕ್ಕೇ ತಲುಪುತ್ತದೆ. ಅಲ್ಲಿ ಅದನ್ನು ತೆರೆದು ಓದುವವರು ಯಾರೇ ಆಗಿರಲಿ, ಸೋಮವಾರದವರೆಗೆ ಗಾಡಿಯನ್ನು ನಿಧಾನವಾಗಿ ಓಡಿಸಲಿ, ಊಟವನ್ನು ಚೆನ್ನಾಗಿ ಅಗಿದು ನುಂಗಲಿ.