ಹಳೆಯ ಲ್ಯಾಪ್‌ಟಾಪಿಗೆ ಹೊಸ ಕರುಳು

ಹಾಳಾದದ್ದನ್ನು ಎಸೆದು ಹೊಸದು ತರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ಮಿಕ್ಸಿಯ ಜಾರು ಸೋರಿದರೆ ಮಿಕ್ಸಿಯನ್ನೇ ಬದಲಾಯಿಸುವ ಈ ಜನಕ್ಕೆ ದೇವರು ಕೈ ಕೊಟ್ಟದ್ದು ಮೊಬೈಲು ಹಿಡಿಯಲಿಕ್ಕೆ ಮಾತ್ರ ಎಂದು ಕುಮಟಾದ ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ನಾನು ಬಿಗಿದ ಭಾಷಣಗಳಿಗೆ ಮಿತಿಯಿಲ್ಲ. ವಿಜ್ಞಾನದ ಮೇಷ್ಟ್ರೆಂಬ ಸೊಕ್ಕು ಬೇರೆ. ಹಾಗಾಗಿ ಉಪ್ಪುಗಾಳಿ ತಿಂದು ಮನೆಯ ಲ್ಯಾಪ್‌ಟಾಪ್ ಸತ್ತಾಗ, ಅದರ ಕರುಳನ್ನೆಲ್ಲ ಕಿತ್ತು, ಇಸ್ಪೀಟು ಎಲೆಯಷ್ಟಗಲದ ಒಂದೇ ಬೋರ್ಡಿನ ಕಂಪ್ಯೂಟರನ್ನು ಅದೇ ಚಿಪ್ಪಿನೊಳಗೆ ಕೂರಿಸುತ್ತೇನೆಂದು ಘೋಷಿಸಿದೆ.

ಹೆಂಡತಿ ಸುಮಿತ್ರಾ ತದಡಿಯ ಹೆಂಗಸರಿಗೆ ಮೀನನ್ನು ಮರಳಿನ ಮೇಲೆ ಹರವದೆ ಅಟ್ಟಣಿಗೆಯ ಮೇಲೆ ಒಣಗಿಸುವುದನ್ನು ಕಲಿಸಲು ಹೊರಟವಳು. "ಸೋಮವಾರ ನನ್ನ ಮೊದಲ ತರಬೇತಿ. ಇಪ್ಪತ್ತು ಹೆಂಗಸ್ರು ಕೆಲಸ ಬಿಟ್ಟು ಬರ್ತ್ರು. ಫೋಟೋ ತೋರಿಸ್ದೇ ಇದ್ರೆ ಯಾರೂ ನಂಬೂದಿಲ್ಲ. ಯಾರದ್ದಾದ್ರೂ ಲ್ಯಾಪ್‌ಟಾಪ್ ಕೇಳ್ಲಾ?" ಎಂದಳು.

"ನಾನು ಬದುಕಿರುವಾಗಲೇ?" ಎಂದೆ.

ಪರದೆಗೆ ಬೇಕಾದ ಸಣ್ಣ ಸರ್ಕ್ಯೂಟಿಗಾಗಿ ಭಟ್ಕಳಕ್ಕೆ, ರಿಪೇರಿ ಅಂಗಡಿಯ ಇರ್ಫಾನನ ಹತ್ತಿರ ಹೋದೆ. ಆತ ಚಿಪ್ಪನ್ನು ತಿರುವಿ ನೋಡಿ, "ಸರ್, ಮೂಲೇಲಿ ಪ್ಲಾಸ್ಟಿಕ್ ಗೂಟ ಉಂಟಲ್ಲ, ಅದನ್ನು ಮಾತ್ರ ಕಡೀಬೇಡಿ" ಎಂದ. ನನಗೆ ಬುದ್ಧಿವಾದ! ಮನೆಗೆ ಬಂದು ನೋಡಿದರೆ ಬೋರ್ಡು ಕೂರಲು ಆ ಗೂಟಗಳೇ ಅಡ್ಡ. ದಡ್ಡ ಕಂಪನಿಯವರು ಉಳಿದ ಪ್ಲಾಸ್ಟಿಕ್ಕನ್ನೆಲ್ಲ ಇಲ್ಲಿ ಸುರಿದಿದ್ದಾರೆಂದು ಬೈದು ಗರಗಸ ಆಡಿಸಿದೆ. ಭಾನುವಾರ ಮಧ್ಯಾಹ್ನ ಪರದೆ ಬೆಳಗಿತು. ಅದನ್ನು ಗೋಡೆಗೆ ಒರಗಿಸಿಕೊಂಡು ನೋಡಿದ್ದರಿಂದ ಮುಂದಿನ ಗ್ರಹಚಾರ ತಿಳಿಯಲಿಲ್ಲ.

ಸೋಮವಾರ ಶಾಲೆಗೆ ರಜೆ ಹಾಕಿ ತದಡಿಗೆ ಹೋಗಿ, ಇಪ್ಪತ್ತು ಜನರ ಎದುರು ಮೇಜಿನ ಮೇಲಿಟ್ಟು ಮುಚ್ಚಳ ಎತ್ತಿದೆ. ದೊಪ್ಪನೆ ಹಿಂದಕ್ಕೆ ಬಿತ್ತು. ಮತ್ತೆ ಎತ್ತಿದೆ, ಮುಂದಕ್ಕೆ ಬಿತ್ತು. ಮುಚ್ಚಳದ ಕೀಲನ್ನು ಹಿಡಿದಿದ್ದವೇ ಆ ಗೂಟಗಳು. ಹಿಂದೆ ಪುಸ್ತಕ ಆನಿಸಿದರೆ ಜಾರಿ, ತಂತಿ ಅಲುಗಿ, ಚಿತ್ರವೇ ಮಾಯ. ಹೆಂಗಸರು ಕಿಸಕ್ಕೆಂದರು. ಸುಮಿತ್ರಾ ನನ್ನತ್ತ ಒಮ್ಮೆ ನೋಡಿ, "ಹಿಡ್ಕಂಡು ನಿಲ್ಲಿ" ಎಂದಳು.

ನಿಂತೆ. ಪೂರ್ತಿ ಒಂದು ತಾಸು. ಪರದೆಯಲ್ಲಿ ಬಂಗಡೆ ಮೀನಿನ ಮೇಲೆ ನೊಣ, ಅದರ ಹಿಂದೆ ನನ್ನ ಮೂಗಿನ ಮೇಲೆ ಇನ್ನೊಂದು. ಮೊದಮೊದಲು ಸುಮಿತ್ರಾ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುತ್ತಿದ್ದಳು. ಅದು ನನ್ನಿಂದಲೇ ಎಂದು ತಿಳಿದಿದ್ದೂ ನಾನು ಮಿಸುಕುವಂತಿರಲಿಲ್ಲ. ಆಮೇಲೆ ಹೆಂಗಸರು ಮುಂದೆ ಸರಿದು, ಅಟ್ಟಣಿಗೆ ಎಷ್ಟೆತ್ತರ, ಮಳೆ ಬಂದರೆ ಎಂತ ಮಾಡೂದು ಎಂದು ಕೇಳತೊಡಗಿದರು. ಅವಳ ಮಾತಿಗೆ ಕಳೆ ಬಂತು. ನನ್ನ ತೋಳಿಗೆ ಜೋಮು ಹಿಡಿಯಿತು.

ಎಲ್ಲ ಮುಗಿದ ಮೇಲೆ ನಾಗಮ್ಮ ಎಂಬ ಮುದುಕಿ ಎದ್ದಳು. "ಅಕ್ಕೋರೇ, ಚಿತ್ರ ಚಂದ ಇತ್ತು. ಪೆಟ್ಟಿಗೆ ಹಿಡ್ಕಂಡು ನಿಂತವ್ರಿಗೆ ಎಂತ ಕೂಲಿ?"

"ಮೂರು ಹೊತ್ತು ಊಟ" ಎಂದಳು ಸುಮಿತ್ರಾ, ರೆಪ್ಪೆ ಬಡಿಯದೆ.

ನಾಗಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಜಾಸ್ತಿ ಆತು" ಎಂದಳು.

ನಾನೂ ಮನಸ್ಸಿನಲ್ಲೇ ತೂಗಿ ನೋಡಿದೆ. ಮುದುಕಿ ಹೇಳಿದ್ದು ಸರಿಯಿತ್ತು.